ಗಾಳಿಯ ದ್ವೀಪದಲ್ಲಿ ಎರಡು ಮಳೆಗಾಲ

ಆಷಾಢ ಬಂತೆಂದರೆ ಚಿತ್ರದುರ್ಗ ಸೀಮೆಯವರಿಗೆ ಗಾಳಿಯ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹೊಸದುರ್ಗ, ಹೊಳಲ್ಕೆರೆ ಕಡೆಯ ಬೋರೆಗಳ ಮೇಲೆ ನಿಂತರೆ ಹೆಗಲ ಮೇಲಿನ ಟವೆಲು ನಿಲ್ಲುವುದಿಲ್ಲ. ಹಿರಿಯೂರು ದಾಟಿ ದುರ್ಗದ ಕಡೆಗೆ ಹೆದ್ದಾರಿಯಲ್ಲಿ ಬರುವವರಿಗೆ ಊರು ಕಾಣುವ ಮೊದಲೇ ಗುಡ್ಡಗಳ ನೆತ್ತಿಯ ಮೇಲೆ ತಿರುಗುವ ಗಾಳಿಯಂತ್ರಗಳು ಕಾಣುತ್ತವೆ. ಸಮುದ್ರಮಟ್ಟದಿಂದ 3,803 ಅಡಿ ಎತ್ತರದ ಜೋಗಿಮಟ್ಟಿಯ ಮೇಲಂತೂ ಮಾತನಾಡಬೇಕಾದರೆ ಗಾಳಿಗೆ ಬೆನ್ನು ಹಾಕಿಯೇ ನಿಲ್ಲಬೇಕು. 'ಗಾಳಿ ಬಂದಾಗ ತೂರಿಕೋ' ಎಂಬ ಗಾದೆ ಕಣದಲ್ಲಿ ರಾಗಿ ತೂರುವ ನಮ್ಮವರಿಗೆ ಬರೀ ಗಾದೆಯಲ್ಲ, ದಿನದ ಕೆಲಸ.

ನಮ್ಮ ಗುಡ್ಡಗಳಿಗೆ ಬಡಿಯುವ ಈ ಗಾಳಿ ನಮ್ಮಲ್ಲಿ ಹುಟ್ಟಿದ್ದಲ್ಲ. ಅರ್ಧ ದಿನದ ಹಿಂದೆ ಅದು ಅರಬ್ಬಿ ಸಮುದ್ರದ ಮೇಲಿತ್ತು. ಚಿತ್ರದುರ್ಗದಿಂದ ಕಾರವಾರಕ್ಕೆ ನೇರ ಗೆರೆ ಎಳೆದರೆ ಸುಮಾರು 250 ಕಿಲೋಮೀಟರು. ಕರಾವಳಿಗೆ ಮಳೆಯನ್ನೆಲ್ಲ ಸುರಿದು, ಘಟ್ಟ ಹತ್ತಿ ಇಳಿದು, ಬರಿಗೈಯಲ್ಲಿ ನಮ್ಮೂರಿಗೆ ಬರುವ ಗಾಳಿಯಿದು. ಹಿರಿಯೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿಗೂ ಕಡಿಮೆ. ಕಾರವಾರದಲ್ಲಿ ಅದರ ಐದು ಪಟ್ಟು. ಗಾಳಿಯಲ್ಲಿ ಇಬ್ಬರಿಗೂ ಪಾಲುಂಟು, ಮಳೆಯಲ್ಲಿ ಇಲ್ಲ.

ಈಚಿನ ವರ್ಷಗಳಲ್ಲಿ ರಜೆ ಸಿಕ್ಕರೆ ಬೆನ್ನಿಗೊಂದು ಚೀಲ, ಅದರೊಳಗೊಂದು ಮಡಿಸುವ ಡೇರೆ ಹಾಕಿಕೊಂಡು ಹೊರಡುವ ಯುವಕರು ಹೆಚ್ಚಿದ್ದಾರೆ. ಬೆಟ್ಟದ ನೆತ್ತಿ, ಕಡಲ ದಂಡೆ, ಸಾಧ್ಯವಾದರೆ ಜನವಸತಿಯಿಲ್ಲದ ದ್ವೀಪ ಅವರ ಆಯ್ಕೆ. ಗಾಳಿ ಬಡಿಯುವ ಒಂಟಿ ದ್ವೀಪದಲ್ಲಿ ಬಿಡಾರ ಹೂಡುವುದೆಂದರೆ ಏನು? ಅದರಲ್ಲಿ ನಿಜವಾದ ಅಪಾಯ ಯಾವುದು? ಇದಕ್ಕೆ ಉತ್ತರ ನಮ್ಮ ಕಾರವಾರದ ಎದುರಿನ ಒಂದು ದ್ವೀಪದಲ್ಲೇ ಇದೆ. ಸುಮಾರು 360 ವರ್ಷಗಳ ಹಿಂದೆ ಅಲ್ಲಿ ನಡೆದ ಒಂದು ಬಿಡಾರದ ಕಥೆ ಮುನ್ನೂರಕ್ಕೂ ಹೆಚ್ಚು ಜನರ ಸಾವಿನಲ್ಲಿ ಮುಗಿಯಿತು.

ನೀರಿದ್ದ ನೆಲ

ಆ ದ್ವೀಪದ ಹೆಸರು ಅಂಜದೀವ. ಉದ್ದ ಒಂದೂವರೆ ಕಿಲೋಮೀಟರಿನಷ್ಟು. ಅಗಲ ಅದಕ್ಕಿಂತ ಬಹಳ ಕಡಿಮೆ. ಕಾರವಾರದ ದಕ್ಷಿಣಕ್ಕಿರುವ ಬಿಣಗಾ ದಂಡೆಯಿಂದ ಸುಮಾರು ಎರಡು ಕಿಲೋಮೀಟರು ದೂರ. ಆಡಳಿತದ ಲೆಕ್ಕದಲ್ಲಿ ಅದು ಗೋವಾಕ್ಕೆ ಸೇರಿದ್ದರೂ ದಂಡೆಯಲ್ಲಿ ನಿಂತು ನೋಡುವವರಿಗೆ ಅದು ಕಾರವಾರದ ದ್ವೀಪವೇ. ಅಂಕೋಲೆಯ ಆರ್ಯಾದುರ್ಗಾ ದೇವಿ ಮೂಲತಃ ಈ ದ್ವೀಪದವಳು, ಅಲ್ಲಿಂದ ಒಳನಾಡಿಗೆ ಬಂದು ನೆಲೆಸಿದಳು ಎಂಬ ನಂಬಿಕೆ ಆ ಸೀಮೆಯಲ್ಲಿದೆ.

ಕಡಲಿನ ಪ್ರಯಾಣಿಕರಿಗೆ ಅಂಜದೀವ ಬೇಕಾಗಿದ್ದುದು ಒಂದೇ ಕಾರಣಕ್ಕೆ. ಅಲ್ಲಿ ಸಿಹಿನೀರಿತ್ತು. 14ನೇ ಶತಮಾನದಲ್ಲಿ ಈ ತೀರದಲ್ಲಿ ಸಾಗಿದ ಇಬ್ನ್ ಬತೂತ, ಗೋವಾದ ಹತ್ತಿರದ ಒಂದು ಸಣ್ಣ ದ್ವೀಪದಲ್ಲಿ ಗುಡಿ, ತೋಟ, ನೀರಿನ ಕೊಳ ಹಾಗೂ ಗುಡಿಯ ಗೋಡೆಗೆ ಒರಗಿ ಕುಳಿತಿದ್ದ ಒಬ್ಬ ಜೋಗಿಯನ್ನು ಕಂಡುದಾಗಿ ಬರೆದಿದ್ದಾನೆ. ಅದು ಅಂಜದೀವವೇ ಇರಬೇಕೆಂದು ಹಲವು ವಿದ್ವಾಂಸರ ಊಹೆ. ನಮ್ಮ ಗಾಳಿಗುಡ್ಡಕ್ಕೂ ಜೋಗಿಯ ಹೆಸರೇ ಇರುವುದನ್ನು ಓದುಗರು ಗಮನಿಸಬಹುದು. ಜನರು ಬಿಟ್ಟ ಜಾಗಗಳನ್ನು ಜೋಗಿಗಳು ಹಿಡಿಯುವುದು ಹೊಸದೇನಲ್ಲ.

1498ರಲ್ಲಿ ಊರಿಗೆ ಮರಳುವ ಮುನ್ನ ವಾಸ್ಕೊ ಡ ಗಾಮ ಇಲ್ಲಿ ತಂಗಿ ಹಡಗುಗಳ ತಳ ಕೆರೆಸಿ ರಿಪೇರಿ ಮಾಡಿಸಿಕೊಂಡ, ನೀರು ತುಂಬಿಸಿಕೊಂಡ. 1505ರಲ್ಲಿ ಪೋರ್ಚುಗೀಸರ ಮೊದಲ ವೈಸರಾಯ್ ಫ್ರಾನ್ಸಿಸ್ಕೊ ಡ ಅಲ್ಮೇಡ ಇಲ್ಲೊಂದು ಕೋಟೆ ಕಟ್ಟಿಸಿದ. ಮರುವರ್ಷವೇ ಬಿಜಾಪುರದ ಕಡೆಯ ಹಡಗುಗಳು ಅದರ ಮೇಲೆ ಬಿದ್ದವು. ಮಳೆಗಾಲದಲ್ಲಿ ಹೊರಗಿನ ನೆರವು ತಲುಪದ ಜಾಗವಿದು ಎಂಬುದು ಪೋರ್ಚುಗೀಸರಿಗೆ ಆಗಲೇ ಅರ್ಥವಾಯಿತು. ಕೋಟೆಯನ್ನು ಅವರೇ ಕೆಡವಿ ಹೊರಟುಹೋದರು.

ಈ ಪಾಠ ಕಲಿಯದೆ ಬಂದವರು ಇಂಗ್ಲಿಷರು.

ಮದುವೆಯ ಬಳುವಳಿ

1661ರಲ್ಲಿ ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸನಿಗೂ ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನಳಿಗೂ ಮದುವೆಯ ಒಪ್ಪಂದವಾಯಿತು. ಹೆಣ್ಣಿನ ಕಡೆಯವರು ಬಳುವಳಿಯಾಗಿ ಕೊಟ್ಟವುಗಳಲ್ಲಿ ಮುಂಬಯಿ ದ್ವೀಪವೂ ಒಂದು. ಅದನ್ನು ವಶಕ್ಕೆ ಪಡೆಯಲು ಮಾರ್ಲ್‌ಬರೋ ಅರ್ಲ್‌ನ ನೇತೃತ್ವದಲ್ಲಿ ಐದು ಹಡಗುಗಳು ಹೊರಟವು. ಹಡಗುಗಳಲ್ಲಿ ಮುಂಬಯಿಯ ಗವರ್ನರ್ ಆಗಬೇಕಿದ್ದ ಸರ್ ಅಬ್ರಹಾಂ ಶಿಪ್‌ಮನ್, ಅವನ ಕೈಕೆಳಗೆ ನಾನೂರಕ್ಕೂ ಹೆಚ್ಚು ಸಿಪಾಯಿಗಳು. 1662ರ ಸೆಪ್ಟೆಂಬರಿನಲ್ಲಿ ಮೊದಲ ಹಡಗು ಮುಂಬಯಿಗೆ ಮುಟ್ಟಿತು. ಆದರೆ ಪೋರ್ಚುಗೀಸ್ ವೈಸರಾಯ್ ಅಂಟೋನಿಯೊ ಡಿ ಮೆಲೊ ಇ ಕ್ಯಾಸ್ಟ್ರೊ ದ್ವೀಪ ಬಿಟ್ಟುಕೊಡಲು ಒಪ್ಪಲಿಲ್ಲ. ನೀವು ತಂದ ಅಧಿಕಾರಪತ್ರಗಳು ಸರಿಯಾದ ನಮೂನೆಯಲ್ಲಿಲ್ಲ ಎಂಬುದು ಅವನ ತಕರಾರು. ಕಚೇರಿಗಳಲ್ಲಿ ಕಾಗದ ಸರಿಯಿಲ್ಲವೆಂದು ತಿರುಗಿಸಿ ಕಳಿಸುವ ಪದ್ಧತಿ ಎಷ್ಟು ಹಳೆಯದು ಎಂಬುದಕ್ಕೆ ಇದೊಂದು ಸಾಕ್ಷಿ.

ಈಗ ಸಿಪಾಯಿಗಳನ್ನು ಎಲ್ಲಿ ಇಳಿಸುವುದು? ಸೂರತ್ತಿನಲ್ಲಿ ಇಳಿಸಿದರೆ ಮೊಗಲರು ಸುಮ್ಮನಿರರು, ಅಲ್ಲಿನ ವ್ಯಾಪಾರಕ್ಕೆ ಸಂಚಕಾರ. ಹಡಗುಗಳಾದರೋ ಇಂಗ್ಲೆಂಡಿಗೆ ಮರಳಬೇಕು. ಚಳಿಗಾಲದ ಅನುಕೂಲ ಗಾಳಿ ತಪ್ಪಿದರೆ ಒಂದು ವರ್ಷವೇ ತಪ್ಪಿತು. ಕೊನೆಗೆ ಯಾರಿಗೂ ಬೇಡವಾಗಿದ್ದ, ಆದರೆ ನೀರಿದ್ದ ಅಂಜದೀವದಲ್ಲಿ ಶಿಪ್‌ಮನ್ ತನ್ನ ದಂಡಿನೊಂದಿಗೆ ಇಳಿದ. ಹಡಗುಗಳು ಹೊರಟುಹೋದವು. ಮುಂಬಯಿಯ ವಿಷಯ ಇತ್ಯರ್ಥವಾಗುವವರೆಗೆ ತಾತ್ಕಾಲಿಕವಾಗಿ ಇಲ್ಲಿ ಬಿಡಾರ ಎಂಬುದು ಲೆಕ್ಕ. ಲಂಡನ್ನಿಗೆ ಪತ್ರ ಹೋಗಿ ಉತ್ತರ ಬರಲು ವರ್ಷಕ್ಕೂ ಹೆಚ್ಚು ಬೇಕಾಗಿದ್ದ ಕಾಲದಲ್ಲಿ 'ತಾತ್ಕಾಲಿಕ' ಎಂಬ ಮಾತಿಗೆ ಅರ್ಥವೇ ಇರಲಿಲ್ಲ.

1663ರ ಮಳೆಗಾಲ ಬಂತು. ಮಳೆ, ಗಾಳಿ, ಜ್ವರ, ಕೆಟ್ಟ ಆಹಾರ, ಜೊತೆಗೆ ಕುಡಿತ. ಸಿಪಾಯಿಗಳು ಒಬ್ಬೊಬ್ಬರಾಗಿ ಸತ್ತರು. 1664ರ ಏಪ್ರಿಲಿನಲ್ಲಿ ಶಿಪ್‌ಮನ್ ತಾನೂ ತೀರಿಕೊಂಡ. ಅವನ ಕಾರ್ಯದರ್ಶಿ ಹಂಫ್ರಿ ಕುಕ್ ಉಳಿದವರ ಮುಖ್ಯಸ್ಥನಾದ. ಎರಡನೆಯ ಮಳೆಗಾಲವೂ ಅಲ್ಲೇ ಕಳೆಯಿತು. ಹೊಸ ಕಾಗದಪತ್ರ ಬಂದಾಗ ಅದು ಶಿಪ್‌ಮನ್‌ನ ಹೆಸರಿಗಿತ್ತು, ಶಿಪ್‌ಮನ್ ಮಣ್ಣಿನಲ್ಲಿದ್ದ. ಅದರ ಮೇಲೆ ಇನ್ನೊಂದು ಸುತ್ತಿನ ವಾದ ನಡೆಯಿತು. ಕೊನೆಗೆ 1665ರ ಫೆಬ್ರವರಿಯಲ್ಲಿ ಕುಕ್ ಮುಂಬಯಿಯನ್ನು ವಶಕ್ಕೆ ಪಡೆದಾಗ ಅವನ ಜೊತೆಗಿದ್ದವರು ಹೆಚ್ಚುಕಡಿಮೆ ನೂರು ಜನ. ಹೊರಟವರಲ್ಲಿ ನಾಲ್ಕರಲ್ಲಿ ಮೂರು ಪಾಲು ಜನ ಇಲ್ಲವಾಗಿದ್ದರು. ಇಷ್ಟು ಬೆಲೆ ತೆತ್ತು ಪಡೆದ ಮುಂಬಯಿಯನ್ನು ದೊರೆ 1668ರಲ್ಲಿ ವರ್ಷಕ್ಕೆ ಹತ್ತು ಪೌಂಡಿನ ಗೇಣಿಗೆ ಈಸ್ಟ್ ಇಂಡಿಯಾ ಕಂಪೆನಿಗೆ ಕೊಟ್ಟುಬಿಟ್ಟ.

ಗಾಳಿ ಮಾಡುವ ಕೆಲಸ

ಹಾಗಾದರೆ ಅವರನ್ನು ಕೊಂದದ್ದು ಗಾಳಿಯೇ? ಗಾಳಿಯ ಲೆಕ್ಕವನ್ನು ಸ್ವಲ್ಪ ನೋಡೋಣ.

ಜೂನ್ ಹೊತ್ತಿಗೆ ಆಫ್ರಿಕಾದ ಪೂರ್ವ ತೀರದ ಪಕ್ಕದಲ್ಲಿ ಭೂಮಧ್ಯರೇಖೆಯನ್ನು ದಾಟುವ ಗಾಳಿ ಸೋಮಾಲಿಯಾದ ಬಳಿ ತಿರುವು ಪಡೆದು ಅರಬ್ಬಿ ಸಮುದ್ರದ ಮೇಲೆ ನಮ್ಮತ್ತ ಧಾವಿಸುತ್ತದೆ. ನೆಲದಿಂದ ಒಂದೂವರೆ ಕಿಲೋಮೀಟರು ಎತ್ತರದ ಸುಮಾರಿನಲ್ಲಿ ಇದರ ರಭಸ ಅತಿ ಹೆಚ್ಚು. ದಾರಿಯಲ್ಲಿ ಮರವಿಲ್ಲ, ಗುಡ್ಡವಿಲ್ಲ. ಸಮುದ್ರದ ಮೇಲೆ ತಡೆಯಿಲ್ಲದೆ ಬರುವ ಈ ಗಾಳಿಗೆ ಮೊದಲು ಸಿಗುವ ನೆಲವೇ ದ್ವೀಪ. ದಂಡೆಯಲ್ಲಿ ಮಂದವಾಗಿರುವ ಗಾಳಿ ದ್ವೀಪದಲ್ಲಿ ಜೋರಾಗಿರುವುದು ಇದರಿಂದಲೇ.

ಗಾಳಿಯ ವೇಗ ಎರಡರಷ್ಟಾದರೆ ಅದು ಡೇರೆಯನ್ನು ನೂಕುವ ಬಲ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಗಾಳಿಯಂತ್ರಕ್ಕೆ ಸಿಗುವ ಶಕ್ತಿಯಂತೂ ಎಂಟರಷ್ಟು. ಹೀಗಾಗಿ ಸಂಜೆ ಗಂಟೆಗೆ 20 ಕಿಲೋಮೀಟರು ವೇಗದ ಗಾಳಿಯಲ್ಲಿ ಗಟ್ಟಿಯಾಗಿ ನಿಂತ ಡೇರೆ, ರಾತ್ರಿ ಗಾಳಿ 40ಕ್ಕೆ ಏರಿದಾಗ ಗೂಟ ಕಿತ್ತುಕೊಂಡು ಹಾರಿದರೆ ಆಶ್ಚರ್ಯವಿಲ್ಲ. ಅನುಭವಿಗಳು ಅದಕ್ಕೇ ಕೆಲವು ನಿಯಮ ಪಾಲಿಸುತ್ತಾರೆ. ಡೇರೆ ತಗ್ಗಾಗಿರಬೇಕು, ಅದರ ಕಿರಿದಾದ ತುದಿ ಗಾಳಿಯ ಕಡೆಗಿರಬೇಕು, ಬಾಗಿಲು ಅದಕ್ಕೆ ಬೆನ್ನಾಗಿರಬೇಕು. ಗೂಟವನ್ನು ಡೇರೆಯಿಂದ ಹೊರಕ್ಕೆ ವಾಲಿಸಿ ಹೊಡೆದು ಮೇಲೆ ಕಲ್ಲು ಹೇರಬೇಕು. ಗುಡ್ಡದ ನೆತ್ತಿಯೂ ಬೇಡ, ಬಂಡೆಯ ಬುಡಕ್ಕೆ ಅಂಟಿಕೊಂಡ ಜಾಗವೂ ಬೇಡ. ಬಂಡೆಯನ್ನು ಹಾರಿ ಬರುವ ಗಾಳಿ ಅದರ ಹಿಂದೆ ಸುಳಿಯಾಗಿ ತಿರುಗುತ್ತದೆ. ತೆಂಗಿನ ಮರದ ಕೆಳಗಂತೂ ಖಂಡಿತ ಬೇಡ. ಮಳೆ ಬಂದರೆ ಹಳ್ಳವಾಗುವ ತಗ್ಗೂ ಕೂಡದು. ಒಲೆ ಮರೆಯಲ್ಲಿರಬೇಕು, ಡೇರೆಯಿಂದ ದೂರವಿರಬೇಕು.

ಇನ್ನೊಂದು ಮಾತು. ಒದ್ದೆ ಮೈಗೆ ಗಾಳಿ ಬಡಿದರೆ ಮೈಯ ಬಿಸಿ ಬೇಗ ಇಳಿಯುತ್ತದೆ. ಚಳಿಗೆ ನಡುಗಲು ಹಿಮಾಲಯಕ್ಕೇ ಹೋಗಬೇಕಿಲ್ಲ, ಕಾರವಾರದ ಜುಲೈ ತಿಂಗಳ ರಾತ್ರಿಯೇ ಸಾಕು. ಆದ್ದರಿಂದ ಒಂದು ಜೊತೆ ಒಣ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟುಕೊಳ್ಳುವುದು ಡೇರೆಯಷ್ಟೇ ಮುಖ್ಯ.

ಆದರೆ ಈ ನಿಯಮಗಳನ್ನೆಲ್ಲ ಪಾಲಿಸಿದ್ದರೂ ಶಿಪ್‌ಮನ್‌ನ ಸಿಪಾಯಿಗಳು ಬದುಕುತ್ತಿದ್ದರೆಂದು ಹೇಳಲಾಗದು. ಗಾಳಿ ಅವರನ್ನು ನೇರವಾಗಿ ಕೊಲ್ಲಲಿಲ್ಲ. ಅದು ಕಡಲನ್ನು ಮುಚ್ಚಿತು. ಎರಡು ಕಿಲೋಮೀಟರು ಆಚೆಯ ದಂಡೆ ಕಣ್ಣಿಗೆ ಕಾಣುತ್ತಿತ್ತು. ಮಳೆಗಾಲದ ಅಲೆಗಳಲ್ಲಿ ದೋಣಿಗೆ ಅದು ಬಹುದೂರ. ಹೊಸ ಆಹಾರ, ಮದ್ದು, ಒಣ ಜಾಗ, ಎಲ್ಲವೂ ಆಚೆ ದಡದಲ್ಲಿ. ಜ್ವರ ಹೇಗೆ ಹರಡುತ್ತದೆಂಬುದೂ ಆಗ ಗೊತ್ತಿರಲಿಲ್ಲ. ಮಲೇರಿಯಾದ ಜೀವಾಣುವನ್ನು ಸೊಳ್ಳೆಯ ಹೊಟ್ಟೆಯಲ್ಲಿ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಹಿಡಿದದ್ದು 1897ರಲ್ಲಿ. ಕಾಯಿಲೆ ಬಿದ್ದ ಜಾಗವನ್ನು ಬಿಟ್ಟು ಹೊರಡುವುದೊಂದೇ ಅಂದಿನ ಮದ್ದು. ದ್ವೀಪದಲ್ಲಿದ್ದವರಿಗೆ ಆ ದಾರಿಯೇ ಇರಲಿಲ್ಲ.

ಬದುಕಿ ಬಂದ 22 ಜನ

ಇದಕ್ಕೆ ಹೋಲಿಸಬಹುದಾದ ಇನ್ನೊಂದು ಬಿಡಾರ ಭೂಮಿಯ ಇನ್ನೊಂದು ತುದಿಯಲ್ಲಿ ನಡೆಯಿತು. ದಕ್ಷಿಣ ಧ್ರುವದ ಅನ್ವೇಷಣೆಗೆ ಹೊರಟಿದ್ದ ಅರ್ನೆಸ್ಟ್ ಶ್ಯಾಕಲ್‌ಟನ್‌ನ ಹಡಗು 1915ರಲ್ಲಿ ಮಂಜುಗಡ್ಡೆಗೆ ಸಿಕ್ಕಿ ಒಡೆಯಿತು. 1916ರ ಏಪ್ರಿಲಿನಲ್ಲಿ ಅವನ ತಂಡ ಎಲಿಫೆಂಟ್ ದ್ವೀಪವೆಂಬ ಬೋಳು ಬಂಡೆಗೆ ಬಂದು ಸೇರಿತು. ನೆರವು ತರಲು ಶ್ಯಾಕಲ್‌ಟನ್ ಐವರೊಂದಿಗೆ ಸಣ್ಣ ದೋಣಿಯಲ್ಲಿ ಹೊರಟ. ಉಳಿದವರು 22 ಜನ, ಅವರ ನಾಯಕ ಫ್ರ್ಯಾಂಕ್ ವೈಲ್ಡ್. ಗಾಳಿ ಅವರ ಡೇರೆಗಳನ್ನು ಹರಿದು ಚಿಂದಿ ಮಾಡಿತು. ಆಗ ಅವರು ಕಲ್ಲಿನ ಮೋಟುಗೋಡೆ ಕಟ್ಟಿ, ಎರಡು ದೋಣಿಗಳನ್ನು ಮಗುಚಿ ಹಾಕಿ ಅದರಡಿ ಮಲಗಿದರು. ಸೀಲ್ ಮತ್ತು ಪೆಂಗ್ವಿನ್ ಮಾಂಸ ತಿಂದು ನಾಲ್ಕೂವರೆ ತಿಂಗಳು ಕಳೆದರು. ಆಗಸ್ಟ್ 30ರಂದು ಚಿಲಿ ದೇಶದ ಹಡಗೊಂದು ಬಂದಾಗ 22 ಜನವೂ ಜೀವಂತವಾಗಿದ್ದರು.

ವೈಲ್ಡ್ ದಿನಾ ಬೆಳಿಗ್ಗೆ ಎಲ್ಲರಿಂದ ಹಾಸಿಗೆ ಸುತ್ತಿಸಿ ಕಟ್ಟಿಸುತ್ತಿದ್ದ. ನಾಯಕ ಇವತ್ತೇ ಬರಬಹುದು, ಸಿದ್ಧರಾಗಿರಿ ಎಂಬುದು ಅವನ ದಿನನಿತ್ಯದ ಮಾತು. ಅಂಜದೀವದಲ್ಲಿ ನೀರಿತ್ತು, ಮರವಿತ್ತು, ದಂಡೆ ಕಣ್ಣೆದುರಿಗಿತ್ತು. ಎಲಿಫೆಂಟ್ ದ್ವೀಪದಲ್ಲಿ ಅವಾವುದೂ ಇರಲಿಲ್ಲ. ಜನರ ಸಂಖ್ಯೆ, ದಿನಗಳ ಸಂಖ್ಯೆ, ಕಾಯಿಲೆ ಎಲ್ಲವೂ ಬೇರೆ ಬೇರೆ ಎಂಬುದು ನಿಜ. ಆದರೂ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಒಂದು ಕಡೆ ಹೊರಡುವ ದಿನಕ್ಕಾಗಿ ಬದುಕಿದರು. ಇನ್ನೊಂದು ಕಡೆ ಹೊರಡುವ ದಿನವನ್ನು ಲಂಡನ್, ಲಿಸ್ಬನ್, ಗೋವಾಗಳ ಕಾಗದಗಳಿಗೆ ಒಪ್ಪಿಸಿ ಕುಳಿತರು.

ಕಂಬಳಿಯ ವಿದ್ಯೆ

ಬಯಲಲ್ಲಿ ಬಿಡಾರ ಹೂಡುವ ವಿದ್ಯೆಗೆ ನಾವು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಹಿರಿಯೂರು, ಹೊಸದುರ್ಗದ ಬಯಲುಗಳಲ್ಲಿ ಕುರಿಮಂದೆಯೊಂದಿಗೆ ಸಾಗುವ ಕುರಿಗಾಹಿಗಳು ವರ್ಷದ ಎಷ್ಟೋ ರಾತ್ರಿ ಆಕಾಶದಡಿಯೇ ಮಲಗುತ್ತಾರೆ. ಹೊಲದಲ್ಲಿ ಮಂದೆ ನಿಲ್ಲಿಸಿದರೆ ರೈತನಿಗೆ ಗೊಬ್ಬರ, ಕುರಿಯವರಿಗೆ ಕಾಳು ಇಲ್ಲವೇ ಹಣ. ಅವರ ಡೇರೆಯೆಂದರೆ ಹೆಗಲ ಮೇಲಿನ ಕರಿ ಕಂಬಳಿ. ನಿಂತರೆ ಕೊಪ್ಪೆ, ಕುಳಿತರೆ ಗುಡಾರ, ಮಲಗಿದರೆ ಹಾಸಿಗೆ. ಉಣ್ಣೆ ನೆನೆದರೂ ಪೂರ್ತಿ ತಣ್ಣಗಾಗುವುದಿಲ್ಲ ಎಂಬ ಗುಟ್ಟು ಅವರಿಗೆ ತಲೆಮಾರುಗಳಿಂದ ಗೊತ್ತು. ಚಳ್ಳಕೆರೆಯ ಕಂಬಳಿಗೆ ಹೆಸರು ಬಂದದ್ದು ಸುಮ್ಮನೆ ಅಲ್ಲ.

ಆದರೆ ಅವರ ನಿಜವಾದ ವಿದ್ಯೆ ಕಂಬಳಿಯಲ್ಲಿಲ್ಲ, ಲೆಕ್ಕದಲ್ಲಿದೆ. ಈ ಹೊಲದಲ್ಲಿ ಎಷ್ಟು ರಾತ್ರಿ, ಮುಂದಿನ ನೀರು ಎಲ್ಲಿ, ಯಾವ ಮಳೆ ಹುಟ್ಟುವ ಮೊದಲು ಯಾವ ಹಳ್ಳ ದಾಟಬೇಕು, ಇದೆಲ್ಲ ಮೊದಲೇ ಮನಸ್ಸಿನಲ್ಲಿ ತೀರ್ಮಾನವಾಗಿರುತ್ತದೆ. ಒದ್ದೆ ನೆಲದಲ್ಲಿ ಹೆಚ್ಚು ದಿನ ನಿಂತರೆ ಕುರಿಯ ಗೊರಸು ಕೊಳೆಯುತ್ತದೆ. ಆದ್ದರಿಂದ ಮೇವು ಇದ್ದರೂ ಎದ್ದು ಹೊರಡುತ್ತಾರೆ.

ಕರಾವಳಿಯವರದೂ ಇದೇ ವಿವೇಕ. ಕಾಳಿ ನದಿ ಸಮುದ್ರ ಸೇರುವಲ್ಲಿ, ಕಾರವಾರದ ಎದುರಿಗೇ ಇರುವ ಕೂರ್ಮಗಡ ದ್ವೀಪದಲ್ಲಿ ನರಸಿಂಹ ದೇವರ ಜಾತ್ರೆ ನಡೆಯುವುದು ಪುಷ್ಯ ಮಾಸದಲ್ಲಿ, ಕಡಲು ಶಾಂತವಾಗಿರುವ ಹೊತ್ತಿನಲ್ಲಿ. ದೋಣಿಗಳಲ್ಲಿ ಜನ ಹೋಗುತ್ತಾರೆ, ಪೂಜೆ ಸಲ್ಲಿಸುತ್ತಾರೆ, ಮರಳುತ್ತಾರೆ. ಮಳೆಗಾಲದಲ್ಲಿ ದೋಣಿಗಳು ದಡ ಏರುತ್ತವೆ. ನೂಲ ಹುಣ್ಣಿಮೆಯಂದು ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿದ ಮೇಲೆ ಮೀನುಗಾರಿಕೆಗೆ ಹೊಸ ಆರಂಭ. ಇಂದಿನ ಸರ್ಕಾರವೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಯನ್ನು ನಿಷೇಧಿಸುತ್ತದೆ. ಮೀನಿನ ಸಂತಾನಕ್ಕೆ ಅವಕಾಶ ಕೊಡುವುದು ಇದರ ಮುಖ್ಯ ಉದ್ದೇಶವಾದರೂ ಮೀನುಗಾರರ ಜೀವಕ್ಕೂ ಅದು ರಕ್ಷಣೆಯೇ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪಕ್ಕೂ ಮಳೆಗಾಲದಲ್ಲಿ ಪ್ರವಾಸಿಗರ ದೋಣಿ ಬಂದ್.

ಕದಂಬರ ಹೆಸರಿನಲ್ಲಿ

ಅಂಜದೀವದಲ್ಲಿ ಪೋರ್ಚುಗೀಸರು 1682ರಲ್ಲಿ ಮತ್ತೆ ಕೋಟೆ ಕಟ್ಟಿದರು. ಅವರ ಆಳ್ವಿಕೆ 1961ರವರೆಗೆ ಉಳಿಯಿತು. ಆ ವರ್ಷದ ನವೆಂಬರಿನಲ್ಲಿ ದ್ವೀಪದಿಂದ ಭಾರತದ ಹಡಗಿನ ಮೇಲೂ ಮೀನುಗಾರರ ಮೇಲೂ ಗುಂಡು ಹಾರಿತು. ಡಿಸೆಂಬರಿನಲ್ಲಿ ಗೋವಾ ವಿಮೋಚನೆಯ ಕಾರ್ಯಾಚರಣೆ ನಡೆದಾಗ ನೌಕಾಪಡೆಯ 'ತ್ರಿಶೂಲ್' ಮತ್ತು 'ಮೈಸೂರ್' ಹಡಗುಗಳು ಅಂಜದೀವವನ್ನು ವಶಪಡಿಸಿಕೊಂಡವು. ಆ ಕಾಳಗದಲ್ಲಿ ನಮ್ಮ ಏಳು ನಾವಿಕರು ಪ್ರಾಣ ತೆತ್ತರು. ಇಂದು ಆ ದ್ವೀಪ ಕಾರವಾರದ ನೌಕಾನೆಲೆಯ ಭಾಗ. ಅಲೆತಡೆ ಗೋಡೆಯೊಂದು ಅದನ್ನು ದಂಡೆಗೆ ಜೋಡಿಸಿದೆ. ಪ್ರವಾಸಿಗರು ಅಲ್ಲಿ ಡೇರೆ ಹಾಕುವ ಪ್ರಶ್ನೆಯೇ ಇಲ್ಲ. ಸಿಪಾಯಿಗಳು ದಾಟಲಾಗದೆ ಸತ್ತ ಆ ಎರಡು ಕಿಲೋಮೀಟರು ನೀರಿಗೆ ಈಗ ಕಲ್ಲಿನ ದಾರಿಯಾಗಿದೆ.

2005ರಲ್ಲಿ ಕಾರ್ಯಾರಂಭ ಮಾಡಿದ ಆ ನೆಲೆಗೆ 'ಐಎನ್‌ಎಸ್ ಕದಂಬ' ಎಂದು ಹೆಸರು. ಕದಂಬ ವಂಶದ ಮೂಲಪುರುಷ ಮಯೂರಶರ್ಮನ ಶಾಸನ ಇರುವುದು ನಮ್ಮ ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ. ಅದು ಹೇಳುವುದು ಒಂದು ಕೆರೆಯ ಕೆಲಸವನ್ನು. ಒಂದು ಕಡೆ ನೀರು ಸಾಲದ ನಾಡು, ಇನ್ನೊಂದು ಕಡೆ ನೀರು ಸುತ್ತುವರಿದ ದ್ವೀಪ. ನಡುವೆ ಒಂದೇ ಹೆಸರು, ಒಂದೇ ಗಾಳಿ.

ಡೇರೆ ಹೊತ್ತು ಹೊರಡುವ ಯುವಕರು ಹೋಗಬಾರದೆಂದು ಯಾರೂ ಹೇಳುವುದಿಲ್ಲ. ಅನುಮತಿ ಇರುವ ಜಾಗಕ್ಕೆ, ಕಡಲು ಒಪ್ಪುವ ತಿಂಗಳಲ್ಲಿ, ಊರಿನ ದೋಣಿಯವರ ಮಾತು ಕೇಳಿ ಹೋಗಲಿ. ಎರಡು ದಿನದ ಬಿಡಾರಕ್ಕೆ ನಾಲ್ಕು ದಿನದ ನೀರು, ಅಕ್ಕಿ ಇರಲಿ. ಯಾವ ದಿನ, ಯಾವ ಹೊತ್ತಿಗೆ ಮರಳುತ್ತೇವೆಂಬುದು ದಡದಲ್ಲಿರುವ ಒಬ್ಬರಿಗಾದರೂ ಗೊತ್ತಿರಲಿ. ಗಾಳಿ ಬಂದಾಗ ತೂರಿಕೊಳ್ಳುವುದು ಎಷ್ಟು ಜಾಣತನವೋ, ಗಾಳಿ ತಿರುಗುವ ಮೊದಲು ಗೂಟ ಕೀಳುವುದೂ ಅಷ್ಟೇ ಜಾಣತನ.